ಒಂಬತ್ತೂ ಗೆದ್ದವರನ್ನು ಯಾರೂ ಕರೆಯಲಿಲ್ಲ

ಮಾನ್ಯರೇ,

ಎಲ್ಲ ಪಂದ್ಯ ಗೆದ್ದರೂ ವರ್ಷಾಂತ್ಯದ ದೊಡ್ಡ ಪಂದ್ಯಗಳಿಗೆ ಕರೆ ಬರದ, ಆ ಋತುವಿನೊಂದಿಗೇ ನಿಂತುಹೋದ ಸ್ಯಾನ್ ಫ್ರಾನ್ಸಿಸ್ಕೊ ವಿಶ್ವವಿದ್ಯಾಲಯದ 1951ರ ಫುಟ್‌ಬಾಲ್ ತಂಡ ‘ಡಾನ್ಸ್’ ಬಗ್ಗೆ ನಾವು ಹಾಕಿದ್ದ ಟಿಪ್ಪಣಿ ಓದಿ ಧಾರವಾಡದಿಂದ ನೀವು ಬರೆದ ಕಾಗದ ತಲುಪಿತು. ನಿಮ್ಮ ತಕರಾರು ಎರಡು. ಸಣ್ಣಪುಟ್ಟ ತಂಡಗಳನ್ನು ಸೋಲಿಸಿದವರನ್ನು ದೊಡ್ಡ ಪಂದ್ಯಕ್ಕೆ ಕರೆಯದಿದ್ದರೆ ಅದರಲ್ಲಿ ವರ್ಣಭೇದ ಹುಡುಕುವುದೇಕೆ ಎಂಬುದು ಒಂದು. ಇಬ್ಬರು ಕಪ್ಪು ಆಟಗಾರರನ್ನು ಬಿಟ್ಟು ಹೋಗಿದ್ದರೆ ತಂಡವಾದರೂ ಉಳಿಯುತ್ತಿತ್ತು, ಹಠ ಮಾಡಿ ಸಾಧಿಸಿದ್ದೇನು ಎಂಬುದು ಇನ್ನೊಂದು. ಆ ಇಬ್ಬರು ಮುಂದೆ ಏನಾದರು ಎಂದೂ ಕೊನೆಯಲ್ಲಿ ಕೇಳಿದ್ದೀರಿ.

ಮೊದಲನೆಯದರಲ್ಲಿ ಹುರುಳಿದೆ. ಆ ವರ್ಷ ಡಾನ್ಸ್ ತಂಡದ ಎದುರಾಳಿಗಳ ಪಟ್ಟಿಯಲ್ಲಿ ನೆರೆಯ ದೊಡ್ಡ ವಿಶ್ವವಿದ್ಯಾಲಯಗಳಾದ ಸ್ಟ್ಯಾನ್‌ಫರ್ಡ್ ಇಲ್ಲ, ಕ್ಯಾಲಿಫೋರ್ನಿಯಾ ಇಲ್ಲ. ಸ್ಯಾನ್ ಹೋಸೆ ಸ್ಟೇಟ್ ಜೊತೆ ಎರಡು ಸಲ ಆಡಿದ್ದಾರೆ. ಕ್ಯಾಂಪ್ ಪೆಂಡಲ್ಟನ್‌ನ ಸೈನಿಕರು, ಸ್ಯಾನ್ ಡಿಯಾಗೊದ ನೌಕಾಪಡೆಯವರು ಕೂಡ ಎದುರಾಳಿಗಳೇ. ಆದರೆ ನ್ಯೂಯಾರ್ಕಿಗೆ ಹೋಗಿ ಫೋರ್ಡಮ್ ತಂಡವನ್ನು 32–26ರಿಂದ ಸೋಲಿಸಿದ್ದನ್ನೂ ಲೆಕ್ಕಕ್ಕೆ ಹಿಡಿಯಿರಿ. ಅಲ್ಲಿ ಡಾನ್ಸ್‌ನ ಆಲಿ ಮ್ಯಾಟ್ಸನ್ ಎದುರಾಳಿ ಒದ್ದ ಕಿಕಾಫ್ ಚೆಂಡನ್ನು ಎದೆಗವಚಿಕೊಂಡು ಹೆಚ್ಚುಕಡಿಮೆ ಇಡೀ ಮೈದಾನ ಓಡಿ, ಕೊನೆಯ ಗೆರೆ ದಾಟಿ ಟಚ್‌ಡೌನ್ ಮಾಡಿದ. ಅದೂ ಒಂದೇ ಪಂದ್ಯದಲ್ಲಿ ಎರಡು ಸಲ. (ಇದು ನಮ್ಮ ಕಾಲ್ಚೆಂಡಲ್ಲ, ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕದ ಆಟ.) ನವೆಂಬರಿನಲ್ಲಿ ಸ್ಟಾಕ್‌ಟನ್‌ನ ಪೆಸಿಫಿಕ್ ಕಾಲೇಜನ್ನು 47–14ರಿಂದ ಮಣ್ಣುಮುಕ್ಕಿಸಿದರು. ಋತು ಮುಗಿದಾಗ ಗೆಲುವು ಒಂಬತ್ತು, ಸೋಲು ಸೊನ್ನೆ.

ಹೊಸ ವರ್ಷದ ಹೊತ್ತಿಗೆ ನಡೆಯುವ ‘ಬೌಲ್’ ಪಂದ್ಯಗಳು ಆಗ ಅರ್ಹತೆಯ ಏಣಿ ಹತ್ತಿ ತಲುಪುವ ಟೂರ್ನಿಗಳಾಗಿರಲಿಲ್ಲ. ಮದುವೆ ಮನೆಯವರು ತಮಗೆ ಬೇಕಾದವರಿಗೆ ಕಾಗದ ಕೊಟ್ಟ ಹಾಗೆ ಆಯಾ ಊರಿನ ಸಮಿತಿಯೇ ಕುಳಿತು ಯಾರನ್ನು ಕರೆಯಬೇಕೆಂದು ತೀರ್ಮಾನಿಸುತ್ತಿತ್ತು. 47–14ರಿಂದ ಸೋತ ಪೆಸಿಫಿಕ್‌ಗೆ ಟೆಕ್ಸಾಸ್‌ನ ಎಲ್ ಪಾಸೊದ ಸನ್ ಬೌಲ್‌ನಿಂದ ಕರೆ ಬಂತು, ಸೋಲಿಸಿದವರಿಗೆ ಎಲ್ಲಿಂದಲೂ ಬರಲಿಲ್ಲ. ಆರೆಂಜ್, ಶುಗರ್, ಗೇಟರ್ ಬೌಲ್‌ಗಳು ನಡೆಯುತ್ತಿದ್ದದ್ದು ಫ್ಲೋರಿಡಾ, ಲೂಸಿಯಾನಾಗಳಲ್ಲಿ. ಕರಿಯರಿಗೂ ಬಿಳಿಯರಿಗೂ ನಲ್ಲಿ ಬೇರೆ, ಬೆಂಚು ಬೇರೆ ಎಂದು ಕಾನೂನೇ ಹೇಳುತ್ತಿದ್ದ ನಾಡುಗಳವು. ಡಾನ್ಸ್ ತಂಡದಲ್ಲಿ ಮ್ಯಾಟ್ಸನ್, ಬರ್ಲ್ ಟೋಲರ್ ಇಬ್ಬರು ಕಪ್ಪು ಆಟಗಾರರಿದ್ದರು. ಅವರನ್ನು ಬಿಟ್ಟು ಬರುವುದಾದರೆ ದಾರಿ ಇದೆ ಎಂಬ ಮಾತು ಬಂದಾಗ ಯಾರೂ ಒಪ್ಪಲಿಲ್ಲ ಎಂದು ಆಟಗಾರರು ಮುಂದೆ ಮತ್ತೆಮತ್ತೆ ಹೇಳಿದ್ದಾರೆ. ಇದನ್ನು ಬರಿಯ ಕಟ್ಟುಕಥೆ ಎನ್ನುವವರು 1948ನ್ನು ನೆನೆಯಲಿ. ಆಗ ಪೆನ್ಸಿಲ್ವೇನಿಯಾದ ಪುಟ್ಟ ಲಫಯೆಟ್ ಕಾಲೇಜಿಗೆ ಸನ್ ಬೌಲ್‌ನ ಆಹ್ವಾನ ಬಂದಿತ್ತು. ತಂಡದ ಕಪ್ಪು ಆಟಗಾರ ಡೇವಿಡ್ ಶೋವೆಲ್ ಆಡುವಂತಿಲ್ಲ ಎಂದು ಗೊತ್ತಾದ ಮೇಲೆ ಕಾಲೇಜು ಆಹ್ವಾನವನ್ನು ಬಿಟ್ಟುಕೊಟ್ಟಿತು.

ಎರಡನೆಯ ತಕರಾರಿನಲ್ಲಿ ಮಾತ್ರ ನಾನು ನಿಮ್ಮ ಕಡೆ ಇಲ್ಲ. ನಿಮ್ಮ ಹಾಗೆಯೇ ಈ ತಂಡದ ಅಭಿಮಾನಿಗಳೂ ‘ಗೆಳೆಯರಿಗಾಗಿ ತಂಡವನ್ನೇ ಬಲಿಕೊಟ್ಟರು’ ಎಂದು ಕಣ್ಣೀರು ಹಾಕುವುದುಂಟು. ಆ ಕಣ್ಣೀರು ನನಗೆ ಹಿಡಿಸುವುದಿಲ್ಲ. ಆ ಋತುವಿನೊಂದಿಗೆ ಕಾಲೇಜು ಫುಟ್‌ಬಾಲನ್ನೇ ಕೈಬಿಟ್ಟದ್ದು ನಿಜ. ಆದರೆ ಅಕ್ಕಪಕ್ಕ ನೋಡಿ: ನೆರೆಯ ಸೇಂಟ್ ಮೇರೀಸ್ 1950ರ ಋತುವಿನ ನಂತರ ನಿಲ್ಲಿಸಿತ್ತು. ಡಾನ್ಸ್ ತಮ್ಮ ಕೊನೆಯ ಪಂದ್ಯದಲ್ಲಿ 20–2ರಿಂದ ಸೋಲಿಸಿದ ಲಯೋಲಾ ಕೂಡ ಅದೇ ವರ್ಷ ನಿಲ್ಲಿಸಿತು. ಸಾಂಟಾ ಕ್ಲಾರಾ 1952ರ ನಂತರ, ಫೋರ್ಡಮ್ 1954ರ ನಂತರ. ಇವರಾರೂ ನಿಲ್ಲಿಸಿದ್ದು ಬೌಲ್ ಪಂದ್ಯವೊಂದನ್ನು ಬೇಡವೆಂದದ್ದರಿಂದಲ್ಲ. ಎಲ್ಲವೂ ಕ್ಯಾಥೊಲಿಕ್ ಕಾಲೇಜುಗಳು, ಎಲ್ಲಕ್ಕೂ ಆಟ ಹೊರಲಾರದ ಹೊರೆಯಾಗಿತ್ತು.

ಹೊರೆ ಹೆಚ್ಚಿಸಿದ್ದರಲ್ಲಿ ನಿಯಮದ್ದೂ ಪಾಲಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಆಟಗಾರರನ್ನು ಬೇಕಾದಷ್ಟು ಸಲ ಬದಲಿಸಬಹುದೆಂದು ಸಡಿಲಿಸಿದ್ದರಿಂದ ದೊಡ್ಡ ಕಾಲೇಜುಗಳು ದಾಳಿಗೊಂದು ಪಡೆ, ರಕ್ಷಣೆಗೊಂದು ಪಡೆ ಇಟ್ಟುಕೊಂಡವು. ಆಟಗಾರರ ಸಂಖ್ಯೆ ಬೆಳೆಯಿತು, ಅದರ ಹಿಂದೆಯೇ ವಿದ್ಯಾರ್ಥಿವೇತನ, ಪ್ರಯಾಣ, ಊಟದ ಖರ್ಚು. ಯುದ್ಧ ಮುಗಿಸಿ ಬಂದವರ ಓದಿನ ಖರ್ಚನ್ನು ಸರ್ಕಾರವೇ ಹೊರುತ್ತಿದ್ದ ಕಾಲವೂ ಮುಗಿಯುತ್ತಾ ಬಂದಿತ್ತು. ಸಾಲದ್ದಕ್ಕೆ, 1946ರಿಂದ ಫಾರ್ಟಿನೈನರ್ಸ್ ಎಂಬ ವೃತ್ತಿಪರ ತಂಡ ಇದೇ ಊರಿನಲ್ಲಿ, ಇದೇ ಕೀಜಾರ್ ಮೈದಾನದಲ್ಲಿ ಆಡತೊಡಗಿತ್ತು. ಟಿಕೆಟ್ ಕೊಳ್ಳುವವರು ಆ ಕಡೆ ತಿರುಗಿದರು. ಒಂದು ಬೌಲ್ ಪಂದ್ಯದ ದುಡ್ಡಿನಿಂದ ಒಂದು ವರ್ಷ ದೂಡಬಹುದಿತ್ತೇನೋ, ಅಷ್ಟೇ. ತಂಡಕ್ಕೆ ಬದುಕಿದ್ದಷ್ಟು ದಿನವೂ ಅದೇ ಲೆಕ್ಕಾಚಾರ ಕಾದಿತ್ತು. ಹುಡುಗರು ಬೇಡವೆಂದದ್ದು ಒಂದು ಪಂದ್ಯವನ್ನು. ಅದಕ್ಕೆ ತ್ಯಾಗದ ಪಟ್ಟ ಕಟ್ಟಿದರೆ, ತಂಡದವರನ್ನು ಬಿಟ್ಟು ಹೋಗದಿರುವುದು ಏನೋ ಅಸಾಧ್ಯವಾದ ಕೆಲಸ ಎಂದು ನಾವೇ ಒಪ್ಪಿಕೊಂಡ ಹಾಗೆ.

ತಂಡ ಚದುರಿದ್ದರಿಂದ ಆಟಗಾರರೇನೂ ಮೂಲೆ ಸೇರಲಿಲ್ಲ. ಅದೇ ಮಹಾಯುದ್ಧದ ಬಲ್ಜ್ ಕದನದಲ್ಲಿ ಹೋರಾಡಿ ಬಂದಿದ್ದ ಜೀನೊ ಮಾರ್ಕೆಟಿ, ಆರಡಿ ಒಂಬತ್ತಂಗುಲದ ಬಾಬ್ ಸೇಂಟ್ ಕ್ಲೇರ್, ಮ್ಯಾಟ್ಸನ್ ಮೂವರೂ ವೃತ್ತಿಪರ ಫುಟ್‌ಬಾಲಿನ ಹಾಲ್ ಆಫ್ ಫೇಮ್ ಸೇರಿದ್ದಾರೆ. ಪತ್ರಿಕೆಗಳಿಗೆ ತಂಡದ ಸುದ್ದಿ ಕಳಿಸುತ್ತಿದ್ದ ಪೀಟ್ ರೋಜೆಲ್ 1960ರಲ್ಲಿ ವೃತ್ತಿಪರ ಫುಟ್‌ಬಾಲ್ ಲೀಗ್ ಆದ ಎನ್‌ಎಫ್‌ಎಲ್‌ನ ಕಮಿಷನರ್, ಅಂದರೆ ಮುಖ್ಯಸ್ಥ, ಆದರು.

ಇನ್ನು ನಿಮ್ಮ ಕೊನೆಯ ಪ್ರಶ್ನೆ. ಮ್ಯಾಟ್ಸನ್ 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ಗೆ ಹೋಗಿ 400 ಮೀಟರ್ ಓಟದಲ್ಲಿ ಕಂಚು, ರಿಲೇಯಲ್ಲಿ ಬೆಳ್ಳಿ ತಂದರು. ಟೋಲರ್ ಅದೇ ವರ್ಷ ಕಾಲೇಜು ತಾರೆಯರ ಪಂದ್ಯದಲ್ಲಿ ಮೊಣಕಾಲು ಮುರಿದುಕೊಂಡು ವೃತ್ತಿಪರ ಆಟಕ್ಕೆ ಇಳಿಯಲೇ ಇಲ್ಲ. ಶಿಕ್ಷಕರಾದರು, ಸ್ಯಾನ್ ಫ್ರಾನ್ಸಿಸ್ಕೊದ ಶಾಲೆಯೊಂದರ ಪ್ರಾಂಶುಪಾಲರಾದರು. 1965ರಲ್ಲಿ ಎನ್‌ಎಫ್‌ಎಲ್‌ನ ಮೊದಲ ಕಪ್ಪು ಪಂದ್ಯಾಧಿಕಾರಿಯಾಗಿ ಮೈದಾನಕ್ಕಿಳಿದರು. ಆ ಲೀಗಿನ ಅಂತಿಮ ಪಂದ್ಯವಾದ ಸೂಪರ್ ಬೌಲ್‌ನಲ್ಲೂ 1980ರಲ್ಲಿ ಅಧಿಕಾರಿಯಾಗಿದ್ದರು.

— ಸಂಪಾದಕ