ಹೃದಯದ ತೊಂದರೆಯಿಂದ ಬರುವ ಎದೆನೋವಿಗೆ ಕೊಡುವ ಸಾರ್ಬಿಟ್ರೇಟ್‌ನಂಥ ಮಾತ್ರೆಯನ್ನು ನುಂಗದೆ ನಾಲಿಗೆಯ ಕೆಳಗೆ ಇಡಬೇಕು ಅನ್ನುವುದೇಕೆ?

ನುಂಗಿದರೆ ತಡವಾಗುತ್ತದೆ, ಜೊತೆಗೆ ಔಷಧದ ಬಹುಪಾಲು ದಾರಿಯಲ್ಲೇ ಹಾಳಾಗುತ್ತದೆ. ನಾಲಿಗೆಯಡಿ ಇಟ್ಟರೆ ಕೆಲವೇ ನಿಮಿಷಗಳಲ್ಲಿ ಕೆಲಸ ಶುರು.

ಇದಕ್ಕೆ ಕಾರಣ ಯಕೃತ್ತು, ಅಂದರೆ ಲಿವರ್. ನುಂಗಿದ ಮಾತ್ರೆ ಹೊಟ್ಟೆಯಲ್ಲಿ ಕರಗಿ, ಕರುಳಿನಿಂದ ರಕ್ತಕ್ಕೆ ಸೇರುತ್ತದೆ. ಆದರೆ ಕರುಳಿನಿಂದ ಹೊರಟ ರಕ್ತ ನೇರ ಹೃದಯಕ್ಕೆ ಹೋಗುವುದಿಲ್ಲ. ಮೊದಲು ಯಕೃತ್ತನ್ನು ಹಾದೇ ಹೋಗಬೇಕು. ಹೊಸ ರಾಸಾಯನಿಕ ಬಂದರೆ ಅದನ್ನು ಒಡೆದುಹಾಕುವುದೇ ಯಕೃತ್ತಿನ ಕಸುಬು. ಸಾರ್ಬಿಟ್ರೇಟ್, ನೈಟ್ರೋಗ್ಲಿಸರಿನ್‌ನಂಥ ಮದ್ದುಗಳನ್ನಂತೂ ಅದು ಬಹಳ ಚುರುಕಾಗಿ ಒಡೆಯುತ್ತದೆ. ನಾಲಿಗೆಯ ಕೆಳಗಿನ ಪೊರೆ ತೆಳು, ಅದರಡಿ ರಕ್ತನಾಳಗಳು ದಟ್ಟ (ಕನ್ನಡಿಯಲ್ಲಿ ನಾಲಿಗೆ ಎತ್ತಿ ನೋಡಿ, ನೀಲಿ ಗೆರೆಗಳು ಕಾಣುತ್ತವೆ). ಅಲ್ಲಿನ ರಕ್ತ ಕುತ್ತಿಗೆಯ ಮೂಲಕ ಸೀದಾ ಹೃದಯಕ್ಕೆ ಇಳಿಯುತ್ತದೆ. ಯಕೃತ್ತಿನ ಸುಂಕದಕಟ್ಟೆ ತಪ್ಪುತ್ತದೆ.

ಹಾಗಂತ ಎಲ್ಲ ಮಾತ್ರೆಗೂ ಇದು ಒಗ್ಗುವುದಿಲ್ಲ. ಚಿಕ್ಕ ಪ್ರಮಾಣದಲ್ಲೇ ಕೆಲಸ ಮಾಡುವ, ಆ ಪೊರೆಯನ್ನು ಸುಲಭವಾಗಿ ದಾಟುವ ಔಷಧಕ್ಕೆ ಮಾತ್ರ.

ಒಂದು ಎಚ್ಚರಿಕೆ: ಈ ಮಾತ್ರೆ ರಕ್ತನಾಳಗಳನ್ನು ಸಡಿಲಿಸಿ ರಕ್ತದೊತ್ತಡ ಇಳಿಸುತ್ತದೆ. ವೈದ್ಯರು ಬರೆದುಕೊಟ್ಟಿದ್ದರೆ ಮಾತ್ರ, ಕುಳಿತುಕೊಂಡೇ ಇಟ್ಟುಕೊಳ್ಳಿ. ನಿಂತಿದ್ದರೆ ತಲೆಸುತ್ತಿ ಬೀಳಬಹುದು.