ಇನ್ನೊಂದು ವಿಶ್ವದ ಅಮ್ಮ

ಪತ್ರ: ಹೋದ ವರ್ಷ ನನ್ನ ಅಮ್ಮ ಹೃದಯಾಘಾತದಿಂದ ತೀರಿಕೊಂಡರು. ಆಂಬುಲೆನ್ಸ್ ಸ್ವಲ್ಪ ಮೊದಲೇ ಬಂದಿದ್ದರೆ ಉಳಿಯುತ್ತಿದ್ದರೇನೋ. ಸಮಾನಾಂತರ ವಿಶ್ವಗಳಿರುವುದು ನಿಜವಾದರೆ ಅವರು ಎಲ್ಲೋ ಬದುಕಿರಬಹುದಲ್ಲವೇ? ಅವರು ನನ್ನ ಅಮ್ಮನೇ? ಹಾಗಿದ್ದರೆ ಪ್ರಜ್ಞೆಗೆ ಸಾವೇ ಇಲ್ಲವೇ?

ಸಂಪಾದಕರ ಉತ್ತರ: ನಿಮ್ಮ ಪತ್ರವನ್ನು ಮತ್ತೆ ಮತ್ತೆ ಓದಿದೆ. ನಿಮಗೆ ಸಮಾಧಾನ ಹೇಳಬೇಕೆನಿಸುತ್ತದೆ, ಆದರೆ ಭೌತವಿಜ್ಞಾನ ಹೇಳದ ಮಾತನ್ನು ಅದರ ಬಾಯಿಂದ ಹೇಳಿಸಲಾರೆ.

1957ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಹ್ಯೂ ಎವರೆಟ್ ತಮ್ಮ ಡಾಕ್ಟರೇಟ್ ಪ್ರಬಂಧದಲ್ಲಿ ಒಂದು ದಿಟ್ಟ ವಾದ ಮಂಡಿಸಿದರು. ಅತಿಸೂಕ್ಷ್ಮ ಕಣಗಳ ನಡವಳಿಕೆಯನ್ನು ವಿವರಿಸುವ ಕ್ವಾಂಟಂ ಸಮೀಕರಣ ಎಲ್ಲಿಯೂ ಮುರಿಯದೆ ನಡೆಯುವುದಾದರೆ, ಮಾಪನದ ಒಂದು ಫಲಿತಾಂಶ ಮಾತ್ರ ಉಳಿದು ಮಿಕ್ಕವು ಅಳಿಯುವುದಿಲ್ಲ. ಎಲ್ಲವೂ ಉಳಿಯುತ್ತವೆ, ನೋಡುವವನೂ ಅವುಗಳೊಡನೆ ಕವಲೊಡೆಯುತ್ತಾನೆ. ಆ ಒಂದೊಂದು ಕವಲೇ ನೀವು ಹೇಳುವ ಸಮಾನಾಂತರ ವಿಶ್ವ. ಭೌತವಿಜ್ಞಾನಿ ಬ್ರೈಸ್ ಡಿವಿಟ್ 1970ರಲ್ಲಿ ಇದನ್ನು ಹೆಚ್ಚು ಜನರಿಗೆ ತಲುಪಿಸಿದರು. ಒಪ್ಪುವ ಭೌತವಿಜ್ಞಾನಿಗಳಿದ್ದಾರೆ, ಒಪ್ಪದವರೂ ಇದ್ದಾರೆ. ಈಗ ಒಪ್ಪಿದೆವೆಂದೇ ಇಟ್ಟುಕೊಳ್ಳೋಣ.

ಪ್ರಜ್ಞೆಗೆ ಸಾವಿಲ್ಲ ಎಂಬ ಮಾತು ಹುಟ್ಟಿದ್ದು ಒಂದು ಕಲ್ಪಿತ ಪ್ರಯೋಗದಿಂದ. ಒಂದು ಕಣದ ಸ್ಥಿತಿಯನ್ನು ಅಳೆದು, ಅದಕ್ಕೆ ತಕ್ಕಂತೆ ಗುಂಡು ಹಾರಿಸುವ ಅಥವಾ ಸುಮ್ಮನಿರುವ ಬಂದೂಕು. ಯಾವುದಾದರೂ ಕವಲಿನಲ್ಲಿ ಗುಂಡು ಹಾರುವುದೇ ಇಲ್ಲ. ಹಾಗಾಗಿ ಎದುರು ನಿಂತವನು ತನ್ನ ಸಾವನ್ನು ಎಂದೂ ಅನುಭವಿಸುವುದಿಲ್ಲ ಎಂಬುದು ತರ್ಕ. ರೋಬಾಟ್ ತಜ್ಞ ಹ್ಯಾನ್ಸ್ ಮೊರಾವೆಕ್ 1980ರ ದಶಕದಲ್ಲೇ ಇದನ್ನು ಚರ್ಚಿಸಿದ್ದರು. 1998ರಲ್ಲಿ ಇದರ ಬಗ್ಗೆ ಬರೆದ ಭೌತವಿಜ್ಞಾನಿ ಮ್ಯಾಕ್ಸ್ ಟೆಗ್ಮಾರ್ಕ್ ಅವರೇ ಒಂದು ಷರತ್ತನ್ನೂ ಎತ್ತಿ ತೋರಿಸಿದರು: ಸಾವು ಕ್ಷಣಾರ್ಧದಲ್ಲಿ ಆಗಬೇಕು. ಮನುಷ್ಯರು ಸಾಮಾನ್ಯವಾಗಿ ಹಾಗೆ ಸಾಯುವುದಿಲ್ಲ. ರಕ್ತ ಸಂಚಾರ ಕುಗ್ಗುತ್ತದೆ, ಮಿದುಳು ಸೋಲುತ್ತದೆ, ಅರಿವು ಹಂತಹಂತವಾಗಿ ಮಸುಕಾಗುತ್ತದೆ. ದಾರ್ಶನಿಕ ಡೇವಿಡ್ ಲೂಯಿಸ್ ತಾವು ತೀರಿಕೊಂಡ ವರ್ಷವಾದ 2001ರ ಉಪನ್ಯಾಸದಲ್ಲಿ ಇನ್ನೂ ಕಠೋರವಾದದ್ದನ್ನು ಹೇಳಿದರು: ಹೀಗೆ ಉಳಿಯುತ್ತಲೇ ಹೋಗುವುದಾದರೆ ಸೋತ, ನೊಂದ ಶರೀರದಲ್ಲಿಯೇ ಉಳಿಯಬೇಕಾದೀತು; ಅದು ಹೆದರಬೇಕಾದ ಸಂಗತಿ. ನಿಮ್ಮ ಅಮ್ಮನಿಗೆ ನಾನು ಅಂಥ ಅಮರತ್ವವನ್ನು ಬಯಸಲಾರೆ.

ಇನ್ನು ನನಗೆ ಹೆಚ್ಚು ಮುಖ್ಯವೆನಿಸಿದ ಪ್ರಶ್ನೆ: ಇನ್ನೊಂದು ಕವಲಿನಲ್ಲಿ ಬದುಕಿರುವ ಆಕೆ ನಿಮ್ಮ ಅಮ್ಮನೇ? ಒಬ್ಬ ವ್ಯಕ್ತಿ ಇಬ್ಬರಾಗಿ ಒಡೆದರೆ ಯಾರು ಮೊದಲಿನವರು ಎಂಬ ಪ್ರಶ್ನೆಗೆ ಉತ್ತರವೇ ಇರಬೇಕಾಗಿಲ್ಲ ಎಂದು ದಾರ್ಶನಿಕ ಡೆರೆಕ್ ಪಾರ್ಫಿಟ್ 1984ರಲ್ಲಿ ವಾದಿಸಿದರು. ನೆನಪು, ಸ್ವಭಾವ, ಪ್ರೀತಿಗಳ ಎಳೆ ಮುಂದುವರಿಯುವುದೇ ಮುಖ್ಯವೆಂದರು. ಆ ದೃಷ್ಟಿಯಿಂದ ನೋಡಿದರೆ, ಕವಲೊಡೆದ ಗಳಿಗೆಯವರೆಗೆ ನಿಮ್ಮನ್ನು ಹೆತ್ತು ಸಾಕಿದ ಪ್ರತಿದಿನವೂ ಆಕೆಯದೂ ಹೌದು. ಆದರೆ ಆಸ್ಪತ್ರೆಯಿಂದ ಮನೆಗೆ ಮರಳಿದ ಆಕೆಯ ಪಕ್ಕದಲ್ಲಿ ಕೂತಿರುವುದು ನೀವಲ್ಲ. ಈ ಒಂದು ವರ್ಷದ ದುಃಖವನ್ನು ಕಾಣದ, ನಿಮ್ಮ ಹೆಸರನ್ನೇ ಹೊತ್ತ ಬೇರೊಬ್ಬರು. ಕವಲುಗಳ ನಡುವೆ ಪತ್ರವಿಲ್ಲ, ಫೋನಿಲ್ಲ. ಅವರ ಸಂತೋಷ ನಿಮಗೆ ಸಿಗದು, ನಿಮ್ಮ ಅಳಲು ಅವರಿಗೆ ಕೇಳದು.

ಇನ್ನೊಂದು ಮಾತನ್ನು ಒತ್ತಿ ಹೇಳುತ್ತೇನೆ. ಆಂಬುಲೆನ್ಸ್ ಬೇಗ ಬಂದ ಕವಲನ್ನು ಎಣಿಸುವವರು ಮಿಕ್ಕವನ್ನೂ ಎಣಿಸಬೇಕು. ನೀವು ಶಾಲೆಗೆ ಹೋಗುತ್ತಿದ್ದಾಗಲೇ ಅಮ್ಮನನ್ನು ಕಳೆದುಕೊಂಡ ಕವಲೂ ಎವರೆಟ್ ಅವರ ವಾದದ ಪ್ರಕಾರ ಇದ್ದೀತು. ಅಲ್ಲಿನ ನೀವು, ನಿಮಗೆ ಸಿಕ್ಕಷ್ಟು ವರ್ಷ ಅಮ್ಮ ಜೊತೆಗಿದ್ದ ಕವಲೊಂದು ಇರಬಹುದೇ ಎಂದು ಯಾವುದೋ ಪತ್ರಿಕೆಗೆ ಬರೆದು ಕೇಳುತ್ತಿರಬಹುದು.