ಓದುಗರ ಪ್ರಶ್ನೆ: ಟೆನಿಸ್‌ನ ಬ್ರೇಕ್ ಪಾಯಿಂಟ್ ಲೆಕ್ಕ

ಪ್ರಶ್ನೆ: ಸ್ಕೋರ್ 0-40 ಆದಾಗ ಕಾಮೆಂಟರಿಯಲ್ಲಿ 'ಮೂರು ಬ್ರೇಕ್ ಪಾಯಿಂಟ್' ಎನ್ನುತ್ತಾರೆ. ಮುಂದಿನ ಅಂಕಕ್ಕೇ ಗೇಮ್ ಮುಗಿದರೆ ಪಂದ್ಯದ ಅಂಕಿಅಂಶಗಳ ಪಟ್ಟಿಯಲ್ಲಿ ಒಂದೇ ಕಾಣುತ್ತದೆ. ಉಳಿದೆರಡು ಏನಾದವು?

ಉತ್ತರ: ಸರ್ವ್ ಮಾಡುವವರ ಅಂಕವನ್ನು ಮೊದಲು ಹೇಳುವುದು ಟೆನಿಸ್‌ನ ಕ್ರಮ. ಹಾಗಾಗಿ 0-40 ಎಂದರೆ ಸರ್ವ್ ಮಾಡುವವರದು ಸೊನ್ನೆ. ಇನ್ನೊಂದು ಅಂಕ ಗೆದ್ದರೆ ಎದುರಾಳಿ ಆ ಗೇಮನ್ನೇ ಕಸಿದುಕೊಳ್ಳುತ್ತಾರೆ. ಹಾಗೆ ಕಸಿದುಕೊಳ್ಳುವುದೇ ಬ್ರೇಕ್, ಅಂದರೆ ಸರ್ವ್ ಮುರಿಯುವುದು. ಅದಕ್ಕೆ ಅವಕಾಶ ಕೊಡುವ ಅಂಕವೇ ಬ್ರೇಕ್ ಪಾಯಿಂಟ್. 'ಮೂರು' ಎಂಬುದು ಡ್ಯೂಸ್ (40-40) ಆಗುವುದರೊಳಗೆ ಸಿಗಬಹುದಾದ ಅವಕಾಶಗಳು. ಪಟ್ಟಿಗೆ ಸೇರುವುದು ಆಡಿದವು ಮಾತ್ರ. ಮೊದಲನೆಯದನ್ನೇ ಗೆದ್ದರೆ 1ರಲ್ಲಿ 1. ಮೂರನ್ನೂ ಬಿಟ್ಟು, ಡ್ಯೂಸ್ ಆಗಿ, ಅಡ್ವಾಂಟೇಜ್ (ಡ್ಯೂಸ್ ಆದಮೇಲೆ ಒಂದು ಅಂಕದ ಮುನ್ನಡೆ) ಪಡೆದು ಗೆದ್ದರೆ 4ರಲ್ಲಿ 1. ಎರಡರಲ್ಲೂ ಮುರಿದದ್ದು ಒಂದೇ ಗೇಮ್. ಆದ್ದರಿಂದ '12ರಲ್ಲಿ 2' ಎಂದು ಕಂಡ ಕೂಡಲೇ ಆಟಗಾರ ಎಡವಿದರು ಎಂದುಕೊಳ್ಳಬೇಡಿ. ಅದರಲ್ಲಿ ಏಳೆಂಟು ಅಂಕ ಡ್ಯೂಸ್ ಮೇಲೆ ಡ್ಯೂಸ್ ಆದ ಒಂದೇ ಗೇಮ್‌ನಲ್ಲಿ ಬಂದಿರಬಹುದು. ಎಷ್ಟು ಗೇಮ್‌ಗಳಲ್ಲಿ ಅವಕಾಶ ಸಿಕ್ಕಿತ್ತು ಎಂದು ಕೇಳುವುದೇ ಸರಿಯಾದ ಪ್ರಶ್ನೆ.

ಪ್ರಶ್ನೆ: ಸೆಟ್‌ನ ನಡುವೆ ಟಿವಿ ಹಾಕಿದರೆ 4-1 ಎಂದು ಕಾಣುತ್ತದೆ. ಮುನ್ನಡೆ ಒಂದು ಬ್ರೇಕ್‌ನದೋ ಎರಡರದೋ ಎಂದು ತಿಳಿಯುವುದು ಹೇಗೆ?

ಉತ್ತರ: ಸ್ಕೋರ್ ಒಂದರಿಂದಲೇ ತಿಳಿಯುವುದಿಲ್ಲ, ಈಗ ಸರ್ವ್ ಯಾರದು ಎಂಬುದೂ ಬೇಕು. ಮೊದಲು ಆಡಿದ ಒಟ್ಟು ಗೇಮ್ ಎಣಿಸಿ. ಬೆಸ ಸಂಖ್ಯೆ ಬಂದರೆ, ಈಗ ಸರ್ವ್ ಮಾಡುವವರ ಲೆಕ್ಕಕ್ಕೆ ಒಂದು ಗೇಮ್ ಸೇರಿಸಿ. ಸಮ ಸಂಖ್ಯೆಯಾದರೆ ಏನೂ ಸೇರಿಸಬೇಡಿ. ಆಮೇಲೆ ವ್ಯತ್ಯಾಸವನ್ನು ಅರ್ಧ ಮಾಡಿ. ಬಂದದ್ದೇ ಬ್ರೇಕ್‌ಗಳ ಮುನ್ನಡೆ.

ನಿಮ್ಮ 4-1ರಲ್ಲಿ ಆಡಿದ್ದು ಐದು ಗೇಮ್, ಬೆಸ. ಹಿಂದಿರುವವರು ಸರ್ವ್ ಮಾಡುತ್ತಿದ್ದರೆ ಅದನ್ನು 4-2 ಎಂದು ಓದಿ: ಒಂದು ಬ್ರೇಕ್. ಮುಂದಿರುವವರೇ ಸರ್ವ್ ಮಾಡುತ್ತಿದ್ದರೆ 5-1: ಎರಡು ಬ್ರೇಕ್. ಹೆಚ್ಚಿನವರು ಮೋಸ ಹೋಗುವುದು 4-3ರಲ್ಲಿ. ಹಿಂದಿರುವವರ ಸರ್ವ್ ಆಗಿದ್ದರೆ ಅದು 4-4ಕ್ಕೆ ಸಮ, ಯಾರ ಸರ್ವೂ ಉಳಿದವರಿಗಿಂತ ಹೆಚ್ಚು ಮುರಿದಿಲ್ಲ. ಮುಂದಿರುವವರ ಸರ್ವ್ ಆಗಿದ್ದರೆ ಅವರು ಒಂದು ಬ್ರೇಕ್ ಮುಂದಿದ್ದಾರೆ. ಸರ್ವ್ ಉಳಿಸಿಕೊಳ್ಳುತ್ತ ಹೋದರೆ ಸಾಕು, ಸೆಟ್ ಅವರದು. ಸೆಟ್‌ನ ಚಿತ್ರಣ ಪೂರ್ತಿ ಬೇರೆಯಾದರೂ ಪರದೆಯ ಮೇಲಿನ ಅಂಕಿ ಒಂದೇ! ಸ್ಕೋರ್ ಪಕ್ಕದಲ್ಲಿರುವ ಪುಟ್ಟ ಚುಕ್ಕೆಯನ್ನೋ ಚೆಂಡಿನ ಗುರುತನ್ನೋ ತಪ್ಪದೆ ನೋಡಿ, ಸರ್ವ್ ಯಾರದೆಂದು ಹೇಳುವುದು ಅದೇ.

ಪ್ರಶ್ನೆ: ಟೈಬ್ರೇಕರ್‌ನಲ್ಲೂ ಬ್ರೇಕ್ ಪಾಯಿಂಟ್ ಇರುತ್ತದೆಯೇ?

ಉತ್ತರ: ಇಲ್ಲ. ಟೈಬ್ರೇಕರ್ ಎಂದರೆ ಸಾಮಾನ್ಯವಾಗಿ ಗೇಮ್ 6-6 ಸಮವಾದಾಗ ಸೆಟ್ ಯಾರದೆಂದು ತೀರ್ಮಾನಿಸುವ ಗೇಮ್. ಅಲ್ಲಿ ಮೊದಲ ಅಂಕಕ್ಕೆ ಒಬ್ಬರು ಸರ್ವ್ ಮಾಡುತ್ತಾರೆ, ಆಮೇಲೆ ಇಬ್ಬರೂ ಎರಡೆರಡು ಅಂಕಕ್ಕೊಮ್ಮೆ. ಇಡೀ ಗೇಮ್ ಒಬ್ಬರ ಸರ್ವ್ ಅಲ್ಲದ್ದರಿಂದ ಮುರಿಯುವ ಮಾತೇ ಬರುವುದಿಲ್ಲ. ಎದುರಾಳಿಯ ಸರ್ವ್‌ನಲ್ಲಿ ಗೆದ್ದ ಅಂಕವನ್ನು 'ಮಿನಿ ಬ್ರೇಕ್' ಎನ್ನುತ್ತಾರೆ, ಅದು ಬ್ರೇಕ್‌ಗಳ ಪಟ್ಟಿಗೆ ಸೇರದು.

ಪ್ರಶ್ನೆ: ಹೆಚ್ಚು ಅಂಕ, ಹೆಚ್ಚು ಬ್ರೇಕ್ ಪಡೆದವರೂ ಸೋಲುತ್ತಾರೆಯೇ?

ಉತ್ತರ: ಸೋಲುತ್ತಾರೆ. 2019ರ ವಿಂಬಲ್ಡನ್ ಪುರುಷರ ಫೈನಲ್ ನೋಡಿ. ಫೆಡರರ್ 218 ಅಂಕ ಗೆದ್ದರು, ಜೊಕೊವಿಚ್ 204. ಗೇಮ್‌ಗಳಲ್ಲೂ ಫೆಡರರ್ 36, ಜೊಕೊವಿಚ್ 32. ಫೆಡರರ್ ಏಳು ಸಲ ಸರ್ವ್ ಮುರಿದರೆ ಜೊಕೊವಿಚ್ ಮೂರೇ ಸಲ. ಆದರೂ 7-6, 1-6, 7-6, 4-6, 13-12ರಲ್ಲಿ ಗೆದ್ದವರು ಜೊಕೊವಿಚ್. ಅವರ ಮೂರು ಸೆಟ್‌ಗಳೂ ಟೈಬ್ರೇಕರ್‌ನಲ್ಲಿ ಬಂದವು. 6-1ರಲ್ಲಿ ಗೆದ್ದರೂ ಒಂದು ಸೆಟ್, 7-6ರಲ್ಲಿ ಗೆದ್ದರೂ ಒಂದೇ ಸೆಟ್. ಸುಲಭವಾಗಿ ಗೆದ್ದ ಸೆಟ್‌ನ ಹೆಚ್ಚುವರಿ ಗೇಮ್‌ಗಳು ಮುಂದಿನ ಸೆಟ್‌ಗೆ ಬರುವುದಿಲ್ಲ. ಐದನೇ ಸೆಟ್‌ನಲ್ಲಿ 8-7, 40-15 ಇದ್ದಾಗ ಸರ್ವ್ ಮಾಡುತ್ತಿದ್ದ ಫೆಡರರ್‌ಗೆ ಎರಡು ಚಾಂಪಿಯನ್‌ಷಿಪ್ ಪಾಯಿಂಟ್ (ಗೆದ್ದರೆ ಪ್ರಶಸ್ತಿಯೇ ಸಿಗುವ ಅಂಕ) ಸಿಕ್ಕಿದ್ದವು. ಎರಡೂ ಕೈತಪ್ಪಿ, ಆ ಗೇಮೇ ಮುರಿಯಿತು. (ಆಗ ಅಲ್ಲಿ ಕೊನೆಯ ಸೆಟ್‌ಗೆ ಟೈಬ್ರೇಕರ್ ಬರುತ್ತಿದ್ದದ್ದು 12-12ಕ್ಕೆ. 2022ರಿಂದ ನಾಲ್ಕೂ ಗ್ರ್ಯಾಂಡ್‌ಸ್ಲಾಮ್‌ಗಳಲ್ಲಿ 6-6ಕ್ಕೆ, 10 ಅಂಕದ ಟೈಬ್ರೇಕರ್.)

ಪ್ರಶ್ನೆ: ನಾನು ಕ್ಲಬ್ ಮಟ್ಟದ ಆಟಗಾರ. ಬ್ರೇಕ್ ಪಾಯಿಂಟ್ ಬಂದಾಗಲೆಲ್ಲ ರಿಟರ್ನ್ ಹೊರಗೆ ಹೋಗುತ್ತದೆ.

ಉತ್ತರ: ಒಂದೇ ಹೊಡೆತದಲ್ಲಿ ಮುಗಿಸುವ ಆತುರ ಇದಕ್ಕೆ ಸಾಮಾನ್ಯ ಕಾರಣ. ಚೆಂಡನ್ನು ಅಂಕಣದ ಮಧ್ಯಕ್ಕೆ, ಬೇಸ್‌ಲೈನ್ ಹತ್ತಿರ ಬೀಳುವಂತೆ ಆಡಿ. ನೆಟ್ ನಡುವೆ 0.914 ಮೀಟರ್, ಕಂಬದ ಬಳಿ 1.07 ಮೀಟರ್, ಮಧ್ಯದಲ್ಲಿ ದಾಟಿಸುವುದು ಸುಲಭ, ಪಕ್ಕದ ಗೆರೆ ದಾಟುವ ಭಯವೂ ಇಲ್ಲ.

ಇನ್ನೊಂದು ವಿಷಯ. 0-40, 30-40, ರಿಸೀವರ್ ಅಡ್ವಾಂಟೇಜ್, ಈ ಮೂರರಲ್ಲೂ ನೀವು ನಿಂತಿರುವುದು ನಿಮ್ಮ ಎಡ ಅಂಕಣದಲ್ಲಿ. ಬಲ ಅಂಕಣದಲ್ಲಿ ಬರುವ ಬ್ರೇಕ್ ಪಾಯಿಂಟ್ 15-40 ಒಂದೇ. ಎಡಗೈ ಸರ್ವರ್‌ಗಳಿಗೆ ಇದು ವರ: ಅವರ ಸ್ಲೈಸ್ (ಪಕ್ಕಕ್ಕೆ ತಿರುಗುವ) ಸರ್ವ್ ಬಲಗೈ ಆಟಗಾರರ ಬ್ಯಾಕ್‌ಹ್ಯಾಂಡ್ ಬದಿಯಲ್ಲಿ ಅಂಕಣದ ಹೊರಕ್ಕೆ ಸರಿಯುವುದು ಎಡ ಅಂಕಣದಲ್ಲೇ. ಹಾಗಾಗಿ ಮೊದಲ ಗೇಮ್‌ನಿಂದಲೇ, ಎಡ ಅಂಕಣಕ್ಕೆ ಎದುರಾಳಿ ಮೊದಲ ಸರ್ವನ್ನೂ ಎರಡನೇ ಸರ್ವನ್ನೂ ಎಲ್ಲಿಗೆ ಹಾಕುತ್ತಾರೆ ಎಂದು ಗಮನಿಸಿಡಿ. ಒತ್ತಡದಲ್ಲಿ ಹೆಚ್ಚಿನವರು ತಮಗೆ ಕೈಹಿಡಿದ ಸರ್ವ್‌ಗೇ ಮರಳುತ್ತಾರೆ. ಎರಡನೇ ಸರ್ವ್ ಬಂದರೆ ಅರ್ಧ ಹೆಜ್ಜೆ ಮುಂದೆ ನಿಂತು ಅದಕ್ಕೆ ಕಾಯಿರಿ.